ಕೆಂಪು ಚೀಟಿಯ ಕಾಮಿಕ್ಸು

ತಪ್ಪೆಲ್ಲ ಒಂದು ಮೊಳೆಯದು. ಹದಿನಾಲ್ಕು ವರ್ಷ ಗೋಡೆಯೊಳಗೆ ಬಾಯಿ ಮುಚ್ಚಿಕೊಂಡು ಇದ್ದ ಆ ಮೊಳೆ, ಬೆಳಿಗ್ಗೆ ಐದೂವರೆಗೆ, ಮನೆಯಲ್ಲಿ ಎಲ್ಲರಿಗಿಂತ ಮೊದಲೇ ಎದ್ದು ಹೊರಗೆ ಬಂದುಬಿಟ್ಟಿತು. ಮೊಳೆಯ ಹಿಂದೆ ಹಲಗೆ ಬಂತು. ಹಲಗೆಯ ಹಿಂದೆ ಮುನ್ನೂರು ಹಳೆಯ ಕಾಮಿಕ್ಸು ಪುಸ್ತಕಗಳು ಬಂದವು. ಅವೆಲ್ಲ ಸಾಲುಗಟ್ಟಿ ಹೋಗಿ ಬಿದ್ದದ್ದು ದೊಡ್ಡ ಮಗಳು ಎರಡು ವಾರ ಕೂತು ಜೇಡಿಮಣ್ಣಿನಲ್ಲಿ ಮಾಡಿದ್ದ ಭೂಪಟದ ಮೇಲೆ. ಪರ್ವತಗಳೆಲ್ಲ ಒಂದೇ ಏಟಿಗೆ ಬಯಲಾದವು.

"ರೀ, ಎದ್ದಿದ್ದೀರಾ?" ಎಂದು ಹೆಂಡತಿ ಕೇಳಿದಳು.

"ಎದ್ದಿದ್ದೀನಿ" ಎಂದ ಗುಮಾಸ್ತ, ಏಳದೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆರೂವರೆಗೆ ಪಾಳಿ. ಅವಳು ಕೂಗುವುದಿಲ್ಲ; ಸೂಜಿ ಚುಚ್ಚುವ ಮುಂಚೆ ರೋಗಿಯ ಹತ್ತಿರ ಮಾತಾಡುವ ಹಾಗೆ ಮೆತ್ತಗೆ ಮಾತಾಡುತ್ತಾಳೆ. ಅದಕ್ಕೇ ಗುಮಾಸ್ತನಿಗೆ ಹೆಚ್ಚು ಭಯ.

"ಆ ಹಲಗೆ ಇನ್ನು ನಿಮ್ಮದಲ್ಲ, ಅವಳದು" ಎಂದಳು. "ಹತ್ತನೇ ಕ್ಲಾಸಿನ ಹುಡುಗಿ ಪುಸ್ತಕಗಳನ್ನ ಹಿಟ್ಟಿನ ಡಬ್ಬದ ಮೇಲೆ ಇಟ್ಕೊಂಡು ಓದ್ತಾಳೆ. ನಿಮ್ಮ ಪುಸ್ತಕಗಳು ಹಲಗೆ ಮೇಲೆ ಕಾಲು ಚಾಚಿ ಮಲಗಿದ್ವು. ಸಾಯಂಕಾಲಕ್ಕೆ ಮನೆಯಿಂದ ಖಾಲಿ ಆಗ್ಬೇಕು."

"ಎಲ್ಲಾನೂ?"

ಅವಳು ಮಂಚದ ಕೆಳಗಿಂದ ಒಂದು ಬೂಟಿನ ಪೆಟ್ಟಿಗೆ ಎಳೆದು ಅವನ ಎದೆಯ ಮೇಲೆ ಇಟ್ಟಳು. "ಇದರಲ್ಲಿ ಎಷ್ಟು ಹಿಡಿಯುತ್ತೋ ಅಷ್ಟು ಇಟ್ಕೊಳ್ಳಿ. ನಾನೇನು ಕಟುಕಳಲ್ಲ."

ಅಳತೆ ನೋಡಿದರೆ ಪೆಟ್ಟಿಗೆಗೆ ಸರಿಯಾಗಿ ಮೂವತ್ತು ಪುಸ್ತಕ ಹಿಡಿದವು. ಮೂವತ್ತೊಂದನೆಯದನ್ನು ತುರುಕಿದರೆ ಪೆಟ್ಟಿಗೆಯ ಮೂಲೆ ಬಿರಿಯುತ್ತಿತ್ತು. ಮುನ್ನೂರರಲ್ಲಿ ಮೂವತ್ತು! ಹತ್ತು ಮಕ್ಕಳಲ್ಲಿ ಒಂದನ್ನು ಆರಿಸು ಎಂದ ಹಾಗಾಯಿತು. ಅವನಿಗೆ ಇದ್ದದ್ದು ಎರಡೇ ಮಕ್ಕಳು, ಅದರಲ್ಲಿ ಒಬ್ಬಳು ಆಗ ನೆಲದ ಮೇಲೆ ಕೂತು ಬಯಲಾದ ಪರ್ವತಗಳನ್ನು ನೋಡಿ ಅಳುತ್ತಿದ್ದಳು, ಇನ್ನೊಬ್ಬಳು, ಆರು ವರ್ಷದವಳು, ಒಂದೇ ಕಾಲುಚೀಲ ಹಾಕಿಕೊಂಡು, "ಅಪ್ಪಾ, ಇನ್ನೊಂದು ಎಲ್ಲಿ?" ಎಂದು ಮನೆಯೆಲ್ಲ ಕುಂಟುತ್ತಿದ್ದಳು. ಗುಮಾಸ್ತ ಒಂದು ಕೈಯಲ್ಲಿ ಪರ್ವತ ಎತ್ತಿದ, ಇನ್ನೊಂದು ಕೈಯಲ್ಲಿ ಕಾಲುಚೀಲ ಹುಡುಕಿದ, ಜಡೆ ಹೆಣೆದ, ಡಬ್ಬಿ ತುಂಬಿದ. ಎಂಟು ಗಂಟೆಗೆ ಮುನ್ನೂರು ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬಿ, ಬೂಟಿನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟು ಮೆಟ್ಟಿಲಿಳಿಯುವ ಹೊತ್ತಿಗೆ ಅವನ ದಿನ ಮುಗಿದಿತ್ತು. ಕಚೇರಿ ಮಾತ್ರ ಇನ್ನೂ ಶುರುವಾಗಿರಲಿಲ್ಲ.

ಕೆಳಗಿನ ಮನೆಯ ದರ್ಜಿ ಬಾಗಿಲಲ್ಲೇ ಇದ್ದ. ಈ ಕಟ್ಟಡದಲ್ಲಿ ಯಾರು ಏನು ಹೊತ್ತು ಇಳಿದರೂ ಅವನಿಗೆ ವಿವರ ಕೊಡದೆ ಬೀದಿ ಸೇರುವಂತಿಲ್ಲ.

"ಏನ್ ಸ್ವಾಮಿ, ಮನೆ ಬಿಟ್ಟು ಹೊರಟ್ರಾ?"

"ನಾನಲ್ಲ, ಪುಸ್ತಕಗಳು."

ದರ್ಜಿ ಚೀಲದೊಳಗೆ ಇಣುಕಿದ. "ಅಯ್ಯೋ, ಹಳೇ ಕಾಮಿಕ್ಸು! ಎಸೀಬೇಡಿ ಸ್ವಾಮಿ. ಹಳೇದಾದಷ್ಟೂ ಬೆಲೆ ಜಾಸ್ತಿ. ನಮ್ಮತ್ತೆ ಒಬ್ರನ್ನ ಬಿಟ್ಟು ಲೋಕದಲ್ಲಿ ಎಲ್ಲಾದಕ್ಕೂ ಹಾಗೇನೆ."

"ಹಳೇ ಪುಸ್ತಕದ ಅಂಗಡಿಯವನು ತೂಕಕ್ಕೆ ಮಾತ್ರ ತಗೋತಾನೆ."

"ತೂಕಕ್ಕಾ? ಥೂ! ಅದಕ್ಕಿಂತ ಮರ್ಯಾದೆಯಾಗಿ ಸುಟ್ಟುಬಿಡಿ."

ಮರ್ಯಾದೆಯಾದ ಒಂದು ದಾರಿ ಗುಮಾಸ್ತನ ತಲೆಯಲ್ಲಿ ಆಗಲೇ ಇತ್ತು. ಅವನು ನೀರು ಸರಬರಾಜು ಕಚೇರಿಯ ರೆಕಾರ್ಡು ಕೋಣೆಯ ಗುಮಾಸ್ತ. ಆ ಊರಿನಲ್ಲಿ ಯಾವ ನಲ್ಲಿ ಯಾವಾಗ ಒಣಗಿತು, ಯಾವ ಕೊಳಾಯಿಗಾಗಿ ಯಾವ ಅಣ್ಣತಮ್ಮಂದಿರು ಮಾತು ಬಿಟ್ಟರು ಎಂಬುದೆಲ್ಲ ಕಡತವಾಗಿ ಅವನ ಕೈಗೆ ಬರುತ್ತಿತ್ತು. ಪ್ರತಿ ಕಡತವನ್ನೂ ಒಮ್ಮೆ ತಿರುವಿ, ಒಳಗೊಂದು ಚೀಟಿ ಸಿಕ್ಕಿಸುವುದು ಅವನ ಕೆಲಸ. ಕೆಂಪು ಚೀಟಿ ಅಂದರೆ ಶಾಶ್ವತ. ಬಿಳಿ ಚೀಟಿ ಅಂದರೆ ನಾಶ. ಇಪ್ಪತ್ತೆರಡು ವರ್ಷದಲ್ಲಿ ಯಾವ ಕಡತಕ್ಕೂ ಅವನು ಒಂದು ನಿಮಿಷಕ್ಕಿಂತ ಹೆಚ್ಚು ಯೋಚಿಸಿದವನಲ್ಲ. ಕಚೇರಿಯವರು ಅವನನ್ನು ಕಡತಣ್ಣ ಎಂದೇ ಕರೆಯುತ್ತಿದ್ದರು.

ಅವತ್ತು ವರ್ಷಕ್ಕೊಮ್ಮೆ ಬರುವ ವಿಲೇವಾರಿ ದಿನ. ಮೂರು ಗಂಟೆಗೆ ಹಿತ್ತಿಲಿಗೆ ಚೂರು ಯಂತ್ರದ ಲಾರಿ ಬರುತ್ತದೆ; ಬಿಳಿ ಚೀಟಿಯ ಕಡತಗಳೆಲ್ಲ ಅದರ ಬಾಯಿಗೆ ಬಿದ್ದು ಶ್ಯಾವಿಗೆಯಂತೆ ಹೊರಬರುತ್ತವೆ. ಸರ್ಕಾರದ ನಾಲ್ಕು ಸಾವಿರ ಕಡತಗಳ ಜೊತೆ ತನ್ನ ಇನ್ನೂರ ಎಪ್ಪತ್ತು ಪುಸ್ತಕಗಳೂ ಸದ್ದಿಲ್ಲದೆ ಹೋಗಲಿ ಎಂಬುದು ಅವನ ಯೋಜನೆ. ತೂಕದ ತಕ್ಕಡಿಗಿಂತ ಅದು ಗೌರವ. ಅದಕ್ಕೂ ಮೊದಲು ಮೂವತ್ತನ್ನು ಆರಿಸಬೇಕು, ಅಷ್ಟೆ. ಪುಸ್ತಕಕ್ಕೆ ಕಾಲು ನಿಮಿಷದ ಲೆಕ್ಕದಲ್ಲಿ ಊಟದ ಹೊತ್ತಿಗೆ ಮುಗಿದೀತು.

ಹನ್ನೊಂದಕ್ಕೆ ಉದ್ದ ಮೇಜಿನ ಮೇಲೆ ಪುಸ್ತಕಗಳನ್ನು ಹರಡಿ ನಿಂತ. ಹನ್ನೊಂದೂಮುಕ್ಕಾಲಿಗೂ ನಿಂತೇ ಇದ್ದ. ಮುಟ್ಟಿದ ಪ್ರತಿ ಪುಸ್ತಕವೂ ಅಂಗಿಯ ತುದಿ ಹಿಡಿದು ಎಳೆಯುತ್ತಿತ್ತು. ಹಾರುವ ಅಂಚೆಯವನನ್ನು ಹೇಗೆ ಬಿಡುವುದು? ಛತ್ರಿ ಪತ್ತೇದಾರನಿಗೆ ಬಿಳಿ ಚೀಟಿ ಸಿಕ್ಕಿಸುವ ಕೈ ಯಾವುದು? ಉಕ್ಕಿನ ಅಜ್ಜಿಯಂತೂ ಹೊದಿಕೆಯ ಮೇಲಿಂದ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಎರಡು ಅಣೆಕಟ್ಟುಗಳ ಕಡತಗಳನ್ನು ಮಧ್ಯಾಹ್ನದ ಆಕಳಿಕೆಯಲ್ಲಿ ನಾಶಕ್ಕೆ ಕಳಿಸಿದ್ದ ಮನುಷ್ಯನಿಗೆ ಬೆವರು ಬಂತು.

ಆಗ ಬಂದ ಎಲ್ಲಬಲ್ಲ.

ಎಲ್ಲಬಲ್ಲ ಲೆಕ್ಕ ವಿಭಾಗದವನು. ಅಂಚೆಚೀಟಿ, ನಾಣ್ಯ, ಬೆಂಕಿಪೆಟ್ಟಿಗೆ, ಬಾಟಲಿ ಮುಚ್ಚಳ ಎಲ್ಲವನ್ನೂ ಕೂಡಿಟ್ಟವನು. ಕೂಡಿಡದೆ ಬಿಟ್ಟದ್ದು ರಜೆಗಳನ್ನು ಮಾತ್ರ. ಕರೆಯದೆ ಬರುವುದು, ಕೇಳದೆ ಹೇಳುವುದು, ಹೇಳಿದ ಮೇಲೆ ಹೋಗದೆ ಇರುವುದು ಅವನ ಗುಣ.

"ಕಡತಣ್ಣಾ, ನಿಧಿ ಇಟ್ಕೊಂಡು ಬೆವರ್ತಾ ನಿಂತಿದ್ದೀಯಲ್ಲೋ!"

"ಮೂವತ್ತು ಆರಿಸ್ಬೇಕು ಮಾರಾಯ. ಯಾವುದು ಇಡ್ಲಿ, ಯಾವುದು ಬಿಡ್ಲಿ ಗೊತ್ತಾಗ್ತಿಲ್ಲ."

"ಗೊತ್ತಾಗೋದಕ್ಕೇನಿದೆ? ನೀನು ಇಷ್ಟ ನೋಡ್ತಿದ್ದೀಯ, ಬೆಲೆ ನೋಡು. ಮೂರೇ ಮಾತು. ಮೊದಲನೇ ಸಂಚಿಕೆ ಆಗಿರ್ಬೇಕು, ಹೊದಿಕೆ ಮಾಸಿರಬಾರದು, ಪಿನ್ನು ತುಕ್ಕು ಹಿಡಿದಿರಬಾರದು. ಇಪ್ಪತ್ತು ವರ್ಷ ಬಿಟ್ಟು ನೋಡು, ಅದರಲ್ಲಿ ನಿನ್ನ ಮಕ್ಕಳ ಮದುವೆ ಆಗ್ಹೋಗುತ್ತೆ."

"ಓದೋದಕ್ಕೆ ಚೆನ್ನಾಗಿರೋದು?"

"ಓದಿದ ಪುಸ್ತಕಕ್ಕೆ ಅರ್ಧ ಬೆಲೆ ಕಣೋ. ಪ್ರೀತಿಸಿದ ಪುಸ್ತಕಕ್ಕೆ ಸೊನ್ನೆ."

"ಓದೋ ಹಾಗಿಲ್ಲ ಅಂದ್ರೆ ಮತ್ಯಾಕೆ ಇಟ್ಕೊಳ್ಳೋದು?"

"ಮುಟ್ಟದೇ ಇರೋದಕ್ಕೆ!" ಎಂದ ಎಲ್ಲಬಲ್ಲ, ಇಷ್ಟೂ ತಿಳಿಯದವನ ಜೊತೆ ಇಷ್ಟು ವರ್ಷ ಚಹಾ ಕುಡಿದೆನಲ್ಲ ಎಂಬ ದುಃಖದಲ್ಲಿ.

ಗುಮಾಸ್ತ ಅಂಜುತ್ತ ಒಂದು ಪುಸ್ತಕ ಎತ್ತಿ ತೋರಿಸಿದ. ಉಕ್ಕಿನ ಅಜ್ಜಿ, ಎಂಟನೇ ಸಂಚಿಕೆ. ಹೊದಿಕೆ ಅರ್ಧ ಸುಕ್ಕು. ಬಲಗಡೆಯ ಮೇಲಿನ ಮೂಲೆಯಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿದ ಗುರುತು. ಹದಿನಾಲ್ಕು ವರ್ಷದ ಹಿಂದೆ ದೊಡ್ಡ ಮಗಳಿಗೆ ಹಲ್ಲು ಬಂದ ವಾರ, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಇದೇ ಪುಸ್ತಕ ಓದುತ್ತ ಅವನು ಕೋಣೆಯ ಉದ್ದಗಲ ಅಳೆದಿದ್ದ. ಅವಳು ಅಳು ನಿಲ್ಲಿಸಿ, ಬಗ್ಗಿ, ಅಜ್ಜಿಯ ಮೂಲೆಗೆ ಬಾಯಿ ಹಾಕಿದ್ದಳು. ಆ ಎರಡು ಹಲ್ಲು ಎಂದೋ ಬಿದ್ದುಹೋಗಿ ಬೇರೆ ಬಂದಿದ್ದವು. ಗುರುತು ಉಳಿದದ್ದು ಇಲ್ಲಿ ಮಾತ್ರ.

"ಇದು?"

ಎಲ್ಲಬಲ್ಲ ಅದನ್ನು ಸತ್ತ ಜಿರಲೆ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದ. "ಎಂಟನೇದು. ಇಲಿ ಕಚ್ಚಿದ್ದು. ಇದನ್ನ ಇಟ್ಕೊಂಡ್ರೆ ಪಕ್ಕದಲ್ಲಿರೋದಕ್ಕೂ ಬೆಲೆ ಹೋಗುತ್ತೆ. ಅತ್ಲಾಗೆ ಹಾಕು."

ವಾದ ಮಾಡಲು ನಿದ್ದೆ ಬೇಕು. ಗುಮಾಸ್ತ ನಿದ್ದೆ ಕಂಡು ಎಷ್ಟೋ ದಿನವಾಗಿತ್ತು. ಎಲ್ಲಬಲ್ಲ ಹೇಳುತ್ತಾ ಹೋದ, ಇವನು ಆರಿಸುತ್ತಾ ಹೋದ. ಮೊದಲನೇ ಸಂಚಿಕೆಗಳು ಮೂವತ್ತು ಸಿಕ್ಕವು. ನುಣ್ಣಗೆ, ಬೆಳ್ಳಗೆ, ಯಾರೂ ಆಡಿಸದ ಮಕ್ಕಳ ಹಾಗೆ ಸಾಲಾಗಿ ಕೂತವು. ಎಲ್ಲಬಲ್ಲ ಕೈ ಕೊಡವಿಕೊಂಡು, "ಹೊದಿಕೆ ಮೇಲೆ ಬೆರಳು ಬಿದ್ದರೆ ನನ್ನ ಹತ್ರ ಬಂದು ಅಳಬೇಡ" ಎಂದು ಹೇಳಿ ಹೋದ.

ಅವನ ಚಪ್ಪಲಿಯ ಸದ್ದು ಮರೆಯಾಗುತ್ತಲೇ ಗುಮಾಸ್ತ ಒಂದು ಕಳ್ಳಕೆಲಸ ಮಾಡಿದ. ಚೆಂದದ ಒಂದು ಒಂದನೇ ಸಂಚಿಕೆಯನ್ನು ಈಚೆಗೆ ತೆಗೆದು ಆ ಜಾಗದಲ್ಲಿ ಅಜ್ಜಿಯ ಎಂಟನೆಯದನ್ನು ಇಟ್ಟ. ಇಪ್ಪತ್ತೊಂಬತ್ತು ಮಕ್ಕಳ ಮದುವೆಗೆ, ಒಂದು ತನಗೆ. ಬೆಳಗಿನಿಂದ ಮೊದಲ ಬಾರಿಗೆ ಅವನಿಗೆ ಸ್ವಲ್ಪ ಹಗುರಾಯಿತು.

ಅಷ್ಟರಲ್ಲಿ ಹಿತ್ತಿಲಿನಿಂದ ಲಾರಿಯ ಹಾರನ್ನು. ಚೂರು ಮಾಡುವಾಗ ಎದುರಿಗೆ ನಿಂತು, "ನನ್ನ ಸಮಕ್ಷಮದಲ್ಲಿ ನಾಶವಾಯಿತು" ಎಂದು ಅವನೇ ಸಹಿ ಹಾಕಬೇಕು. ಅವಸರದಲ್ಲಿ ಎರಡು ರಾಶಿ ಬೆರೆತುಹೋಗಬಾರದಲ್ಲ ಎಂದು ಅವನ ಕೈ ತನ್ನ ಪಾಡಿಗೆ ತಾನು ಮೇಜಿನ ಡ್ರಾಯರಿಗೆ ಹೋಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ. ಇಡಬೇಕಾದ ಮೂವತ್ತಕ್ಕೂ ಒಂದೊಂದು ಕೆಂಪು ಚೀಟಿ ಸಿಕ್ಕಿಸಿ, ಉಳಿದ ಇನ್ನೂರ ಎಪ್ಪತ್ತನ್ನು ಚೀಲಕ್ಕೆ ತುಂಬಿ ಹೊತ್ತುಕೊಂಡು ಹೊರಟ.

ಹಿತ್ತಿಲಿನಲ್ಲಿ ಯಂತ್ರ ಗುರುಗುಡುತ್ತಿತ್ತು. ಲಾರಿಯವನು ಬೀಡಿ ಆರಿಸಿ, ಚೀಲದಿಂದ ಒಂದು ಪುಸ್ತಕ ಎಳೆದು ತಿರುವಿ, ನಾಲ್ಕನೇ ಪುಟಕ್ಕೆ ಹಲ್ಲು ಕಿರಿದ.

"ಸಾರ್, ಈ ಕತ್ತೆ ರಾಕೆಟ್ ಹತ್ತುತ್ತಾ?"

"ಹತ್ತುತ್ತೆ."

"ಆಮೇಲೆ ಇಳಿಯುತ್ತಾ?"

"ನೀನು ಸುಮ್ನೆ ಹಾಕಪ್ಪ" ಎಂದು ಗುಮಾಸ್ತ ಗೋಡೆಯ ಕಡೆ ತಿರುಗಿದ.

ಕತ್ತೆ ಹೋಯಿತು. ಅಂಚೆಯವ ಹೋದ. ಛತ್ರಿ ಹೋಯಿತು. ಒಂದು ಗಂಟೆ ನಾಲ್ಕು ಸಾವಿರ ಕಡತಗಳ ಧೂಳು ಕುಡಿದು, ಮೂರು ಪ್ರತಿಗಳಲ್ಲಿ ಸಹಿ ಹಾಕಿ, ಯಾರನ್ನೋ ಮಣ್ಣು ಮಾಡಿ ಬಂದವನ ಹಾಗೆ ಅವನು ಮತ್ತೆ ಮೆಟ್ಟಿಲು ಹತ್ತಿದ. ಇರಲಿ, ಮೂವತ್ತು ಇವೆಯಲ್ಲ.

ಮೇಜು ಖಾಲಿ ಇತ್ತು.

"ಎಲ್ಲಿ?" ಎಂದ.

ಮೂಲೆಯಲ್ಲಿ ಸೂಜಿಯಮ್ಮ ಹಲ್ಲಿನಲ್ಲಿ ದಾರ ಕಡಿಯುತ್ತಿದ್ದಳು. ಕಡತಗಳಿಗೆ ರಂಧ್ರ ಹಾಕಿ, ಪುಟಸಂಖ್ಯೆ ಬರೆದು, ಹೊಲಿದು ಕೊಡುವುದು ಅವಳ ಕೆಲಸ. ನಿಧಾನ ಎಂದು ಗುಮಾಸ್ತನಿಂದ ವಾರಕ್ಕೊಮ್ಮೆಯಾದರೂ ಬೈಸಿಕೊಳ್ಳುತ್ತಿದ್ದಳು. ಇವತ್ತು ಅವಳ ಮುಖ ಬೆಳಗುತ್ತಿತ್ತು.

"ಮುಗೀತು ಕಡತಣ್ಣ! ಒಂದೇ ಗಂಟೆ! ಇನ್ಮೇಲೆ ನನ್ನ ಆಮೆ ಅಂದೀರಾ ಜೋಕೆ. ಮೂವತ್ತೂ ಆಯ್ತು, ಆರಾರರ ಹಾಗೆ ಐದು ಕಡತ ಮಾಡ್ದೆ. ಎರಡು ರಂಧ್ರ, ಮೂರು ಎಳೆ ದಾರ, ಪ್ರತಿ ಪುಟಕ್ಕೂ ಕೆಂಪು ಶಾಯೀಲಿ ನಂಬರು."

ಐದು ದಪ್ಪ ಕಡತಗಳು ಕಂದು ರಟ್ಟಿನೊಳಗೆ ಗಂಭೀರವಾಗಿ ಕೂತಿದ್ದವು. ಗುಮಾಸ್ತ ಮೊದಲನೆಯದನ್ನು ಬಿಚ್ಚಿದ. ಹಾರುವ ಅಂಚೆಯವನ ಎದೆಯಲ್ಲಿ ಒಂದು ರಂಧ್ರ, ಮೊಣಕಾಲಿನಲ್ಲಿ ಒಂದು ರಂಧ್ರ. ಹೊದಿಕೆಯ ಆಕಾಶದಲ್ಲಿ, ಸೂರ್ಯನ ಪಕ್ಕಕ್ಕೆ, ಸೂರ್ಯನಿಗಿಂತ ದೊಡ್ಡದಾಗಿ ಒಂದು ನೇರಳೆ ಮೊಹರು: ಶಾಶ್ವತ ಸಂರಕ್ಷಣೆ.

"ಸೂಜಿಯಮ್ಮಾ, ಇದು ಏನು ಅಂತ ನೋಡ್ಲಿಲ್ವಾ ನೀವು?"

"ನೋಡಿದ್ನಲ್ಲ! ಕೆಂಪು ಚೀಟಿ. ಒಳಗೇನಿದೆ ಅಂತ ನೋಡೋದು ನಿಮ್ಮ ಕೆಲ್ಸ. ನಾನು ಒಳಗೆ ನೋಡಿದ್ರೆ ನೀವೇ ಬೈತೀರ." ಅವಳು ದನಿ ತಗ್ಗಿಸಿದಳು. "ಒಂದಕ್ಕೆ ಮಾತ್ರ ಮೂಲೆ ಇಲಿ ತಿಂದಿತ್ತು ಅಣ್ಣಾ. ಎಂಟು ಅಂತ ನಂಬರಿತ್ತು ನೋಡಿ, ಅದು. ಯಾರಾದ್ರೂ ತಪಾಸಣೆಗೆ ಬಂದ್ರೆ ನಿಮ್ಗೆ ಮಾತು ಬರುತ್ತೆ ಅಂತ ಕತ್ತರಿ ಹಾಕಿ ಸಮ ಮಾಡ್ದೆ. ಈಗ ಗೊತ್ತೇ ಆಗಲ್ಲ."

ಗುಮಾಸ್ತ ಕುರ್ಚಿ ಹುಡುಕಿ ಕೂತ. ಕಸದ ಬುಟ್ಟಿಯತ್ತ ನೋಡಿದ. ಅದು ಖಾಲಿಯಾಗಿತ್ತು, ವಿಲೇವಾರಿ ದಿನ ಅಲ್ಲವೇ, ಅದನ್ನೂ ಲಾರಿಗೆ ಸುರಿದು ತೊಳೆದಿಟ್ಟಿದ್ದಳು. ಅವಳ ಮುಖದ ಮೇಲಿನ ಸಂತೋಷ ನೋಡಿ ಅವನಿಗೆ ಬೈಯಲೂ ಆಗಲಿಲ್ಲ.

"ಚೆನ್ನಾಗಿ ಮಾಡಿದ್ದೀರಿ" ಎಂದ.

ಎಲ್ಲಬಲ್ಲ ಸುದ್ದಿ ತಿಳಿದು ಓಡಿ ಬಂದು, ಕಡತ ಬಿಚ್ಚಿ ನೋಡಿ, ತನ್ನದೇ ಎದೆಗೆ ರಂಧ್ರ ಬಿದ್ದವನ ಹಾಗೆ ಗೋಡೆ ಹಿಡಿದುಕೊಂಡ. "ಹೋಯ್ತು! ಎಲ್ಲಾ ಹೋಯ್ತು! ಮೊಹರು ಬಿದ್ದ ಮೇಲೆ ಬೆಲೆ ಎಲ್ಲಿಂದ ಬಂತು? ನಾನು ಬೆರಳು ಬೀಳಬಾರದು ಅಂದ್ರೆ ನೀನು ಸೂಜೀನೇ ಬೀಳಿಸಿದ್ದೀಯಲ್ಲೋ!"

"ಹೋಗ್ಲಿ ಬಿಡು" ಎಂದ ಗುಮಾಸ್ತ. ನಿಜವಾಗಿಯೂ ಹಾಗೇ ಅನ್ನಿಸಿತು ಅವನಿಗೆ. "ಬೆಲೆ ಹೋದ್ರೆ ಹೋಯ್ತು. ಮನೆಗೆ ತಗೊಂಡು ಹೋಗಿ ನೆಮ್ಮದಿಯಾಗಿ ಓದ್ಕೋತೀನಿ."

ಐದು ಕಡತಗಳನ್ನು ಎದೆಗೊತ್ತಿಕೊಂಡು ಬಾಗಿಲು ದಾಟುವಾಗ ಮೊಹರಪ್ಪ ಅಡ್ಡ ನಿಂತ. ನೋಂದಣಿ ಪುಸ್ತಕದ ಯಜಮಾನ ಅವನು. ಮೊಹರಿನ ಶಾಯಿ ಹತ್ತಿ ಹತ್ತಿ ಅವನ ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಎಲ್ಲಿಗೆ ಹೊರಟಿದೆ ಸವಾರಿ?"

"ಇದು ನಂದು ಮೊಹರಪ್ಪ. ನನ್ನ ಸ್ವಂತ ಕಾಮಿಕ್ಸು. ತಪ್ಪಿ ಸೇರ್ಕೊಂಡಿವೆ."

"ನಿಂದು ಮೂರೂ ಹತ್ತಕ್ಕೆ ಮುಂಚೆ. ಮೂರೂ ಹತ್ತಕ್ಕೆ ನಂಬರು ಬಿತ್ತು, ಆಮೇಲೆ ಕಚೇರೀದು." ಅವನು ಬಾಗಿಲ ಪಕ್ಕದ ಫಲಕದ ಮೇಲೆ ನೇರಳೆ ಹೆಬ್ಬೆರಳು ಇಟ್ಟ. "ಓದು. ಗಟ್ಟಿಯಾಗಿ."

ಗುಮಾಸ್ತ ಓದಿದ. "ಶಾಶ್ವತ ಕಡತಗಳನ್ನು ಸಾಹೇಬರ ಲಿಖಿತ ಅಪ್ಪಣೆಯಿಲ್ಲದೆ ಯಾರೂ, ಯಾವ ಕಾರಣಕ್ಕೂ, ಈ ಕೋಣೆಯಿಂದ ಹೊರಗೆ ಒಯ್ಯತಕ್ಕದ್ದಲ್ಲ."

"ಅಕ್ಷರ ಯಾರದು?"

ಅಕ್ಷರ ಗುಮಾಸ್ತನದೇ. ದುಂಡಗೆ, ಮುತ್ತಿನ ಹಾಗಿತ್ತು. ಯಾವ ಕಾರಣಕ್ಕೂ ಎಂಬುದರ ಕೆಳಗೆ ಎರಡು ಗೆರೆ ಎಳೆದವನೂ ಅವನೇ.

ಸಾಹೇಬರು ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಅವರು ನಕ್ಕದ್ದನ್ನು ಕಂಡವರಿರಲಿಲ್ಲ. ಮುಖ ಹೇಗಿತ್ತೆಂದರೆ, ಎದುರಿಗೆ ನಿಂತವರು ತಾವು ಮಾಡದ ತಪ್ಪನ್ನೂ ಒಪ್ಪಿಕೊಂಡು ಬರುತ್ತಿದ್ದರು. ಇನ್ನು ಮಾಡಿದವನ ಪಾಡೇನು? ಮೊಹರಪ್ಪನ ಕಾವಲಿನಲ್ಲೇ ಹೋಗಿ ಗುಮಾಸ್ತ ಕಡತಗಳನ್ನು ಅವರ ಮೇಜಿನ ಮೇಲಿಟ್ಟು, ಮೊಳೆಯಿಂದ ಶುರು ಮಾಡಿ ಮೊಹರಿನ ತನಕ ಒಂದೇ ಉಸಿರಿಗೆ ಹೇಳಿದ.

ಸಾಹೇಬರು ಮೇಲಿನ ಕಡತದ ದಾರ ಬಿಚ್ಚಿದರು. ಒಂದು ಪುಟ ನೋಡಿದರು. ಕನ್ನಡಕ ಒರೆಸಿಕೊಂಡರು.

"ಹೊರಗಡೆ ಇರಿ. ಪರಿಶೀಲಿಸಬೇಕು."

ಹೊರಗೆ ಬೆಂಚಿನ ಮೇಲೆ ಕೂತ ಗುಮಾಸ್ತನಿಗೆ ಐದು ನಿಮಿಷದಲ್ಲಿ ಅಮಾನತ್ತಾಯಿತು, ಹತ್ತು ನಿಮಿಷದಲ್ಲಿ ಕೆಲಸ ಹೋಯಿತು, ಕಾಲು ಗಂಟೆಗೆ ದೊಡ್ಡ ಮಗಳು ಓದು ಬಿಟ್ಟಳು. ಅರ್ಧ ಗಂಟೆಗೆ ಕುಳಿತಲ್ಲೇ ಕಣ್ಣು ಮುಚ್ಚಿತು. ಎಚ್ಚರವಾದದ್ದು ಒಳಗಿನಿಂದ ಬಂದ ಒಂದು ಸದ್ದಿಗೆ. ಹಳೆಯ ಪಂಪಿಗೆ ಮೊದಲ ಸಲ ನೀರು ಸಿಕ್ಕಿದಾಗ ಬರುವಂಥ ಸದ್ದು. ಬಾಗಿಲ ಸಂದಿನಲ್ಲಿ ಕಿವಿಯಿಟ್ಟಿದ್ದ ಮೊಹರಪ್ಪ ಬೆಪ್ಪಾಗಿ ತಿರುಗಿ ನೋಡಿದ.

"ಕಡತಣ್ಣಾ... ನಗ್ತಾ ಇದ್ದಾರೆ ಕಣೋ!"

ಐದೂಕಾಲಿಗೆ ಒಳಗಿನಿಂದ ಕರೆಗಂಟೆ ಹೊಡೆಯಿತು. ಗುಮಾಸ್ತ ಒಳಗೆ ಹೋದ. ಸಾಹೇಬರ ಕನ್ನಡಕ ಹಣೆಗೇರಿತ್ತು, ಕೂದಲು ಕೆದರಿತ್ತು. ಐದೂ ಕಡತ ಬಿಚ್ಚಿ ಹರಡಿದ್ದವು.

"ನಿಮ್ಮ ಮೇಲೆ ಕ್ರಮ ತಗೊಳ್ಳೋಣ ಅಂತಾನೇ ಓದೋಕೆ ಶುರು ಮಾಡ್ದೆ" ಎಂದರು. "ಆದ್ರೆ ನಿಮ್ಮ ತೀರ್ಮಾನ ಸರಿಯಾಗಿದೆ. ಇವು ಶಾಶ್ವತವಾಗಿ ಉಳೀಬೇಕಾದವೇ."

ಗುಮಾಸ್ತನಿಗೆ ಜೀವ ಬಂತು. "ಹಾಗಾದ್ರೆ ಸಾರ್, ಮನೆಗೆ..."

"ಮನೆಗೆ ಹೇಗೆ ಬರುತ್ತೆ ರೀ? ಶಾಶ್ವತ ಅಂದ ಮೇಲೆ ಇಲ್ಲೇ. ಅದಿರ್ಲಿ." ಸಾಹೇಬರು ಮುಂದಕ್ಕೆ ಬಾಗಿದರು. "ಈ ಅಜ್ಜಿ ಮೂವತ್ತೆರಡನೇ ಪುಟದಲ್ಲಿ ಜ್ವಾಲಾಮುಖಿ ಒಳಗೆ ಬೀಳ್ತಾಳೆ. ಮುಂದಿನ ಸಂಚಿಕೆ ನೋಡಿ ಅಂತಿದೆ. ಆಮೇಲೆ ಎಂಟನೇ ಸಂಚಿಕೆ ತೆಗೆದ್ರೆ ನ್ಯಾಯಾಧೀಶರ ಕುರ್ಚಿ ಮೇಲೆ ಕೂತಿದ್ದಾಳೆ, ಕೈಯಲ್ಲಿ ಮೊಲ ಇದೆ. ನಡುವೆ ಏನಾಯ್ತು?"

ಸಾಹೇಬರು ಇನ್ನೊಂದು ಕಡತ ಎಳೆದುಕೊಂಡರು.

"ಅಂಚೆಯವನು ಪತ್ರ ಒಡೆಯೋ ಹೊತ್ತಿಗೆ ನಿಂತುಹೋಗಿದೆ. ಛತ್ರಿಯವನು ಕೊಲೆಗಾರನ ಹೆಸರು ಹೇಳೋಕೆ ಬಾಯಿ ತೆಗೀತಾನೆ, ಪುಟ ಮುಗೀತು. ಮೂವತ್ತರಲ್ಲಿ ಒಂದಾದ್ರೂ ಮುಗಿಯುತ್ತೇನ್ರೀ? ಬರೀ ಆರಂಭ! ಎಲ್ಲಿ ಉಳಿದವು?"

"ಅವಕ್ಕೆ ಬೆಲೆ ಇಲ್ಲ ಅಂದ್ರು ಸಾರ್" ಎಂದ ಗುಮಾಸ್ತ ಕ್ಷೀಣವಾಗಿ. "ಮೊದಲನೇ ಸಂಚಿಕೆಗೆ ಮಾತ್ರ ಬೆಲೆ ಅಂದ್ರು."

"ಎಲ್ಲಿ ಅಂದೆ."

"ನಾಶವಾದ್ವು ಸಾರ್. ಇವತ್ತೇ, ಲಾರೀಲಿ. ನನ್ನ ಸಮಕ್ಷಮದಲ್ಲೇ."

ಸಾಹೇಬರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. ಮೊದಲು ಬಂದದ್ದು ದುಃಖ; ಆಮೇಲೆ ಮೆಲ್ಲಗೆ ನಿಯಮಾವಳಿ ಬಂತು. ಕೈ ಹಿಂದಕ್ಕೆ ಚಾಚಿ ನೀಲಿ ರಟ್ಟಿನ ಪುಸ್ತಕ ತೆಗೆದು, ಉಗುಳು ಹಚ್ಚಿ ಪುಟ ತಿರುವಿದರು.

"ಶಾಶ್ವತ ಕಡತದ ಭಾಗ ನಷ್ಟವಾದ್ರೆ ಅದನ್ನ ಕಂಡವರ ನೆನಪಿನಿಂದ ಪುನಾರಚನೆ ಮಾಡಿಸ್ಬೇಕು ಅಂತಿದೆ. ಉಳಿದ ಸಂಚಿಕೆಗಳನ್ನ ಓದಿದವರು ಈ ಕಚೇರೀಲಿ ಯಾರ್ಯಾರಿದ್ದಾರೆ?"

"ನಾನೊಬ್ನೇ ಸಾರ್."

"ಎಷ್ಟು ಸಲ ಓದಿದ್ದೀರಿ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಆದರೆ ದಣಿದ ಮನುಷ್ಯನ ಬಾಯಿಗೆ ನಿಜವೇ ಸುಲಭ. "ಲೆಕ್ಕ ಇಟ್ಟಿಲ್ಲ ಸಾರ್. ಎಲ್ಲಾ ಬಾಯಿಪಾಠ."

"ಸರಿ. ವಾರಕ್ಕೆ ಐದು ಸಂಚಿಕೆ. ಚಿತ್ರಸಹಿತ. ಕಚೇರಿ ವೇಳೇಲಿ ಕಚೇರಿ ಕೆಲಸ, ಇದು ಮನೇಲಿ." ಪೆನ್ನಿನ ಮುಚ್ಚಳ ಹಾಕುತ್ತ ಅವರು ಕೊಂಚ ಅಳುಕಿನಿಂದ ಸೇರಿಸಿದರು, "ಅಜ್ಜೀದು ಮೊದಲು ಮಾಡಿ. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲಿರ್ಲಿ."

ಇಪ್ಪತ್ತೆರಡು ವರ್ಷದಲ್ಲಿ ಈ ಕಚೇರಿಯ ಉಗ್ರಾಣದಿಂದ ಒಂದು ಪೆನ್ಸಿಲು ಪಡೆಯಲು ಗುಮಾಸ್ತನಿಗೆ ಮೂರು ವಾರಕ್ಕಿಂತ ಕಡಿಮೆ ಹಿಡಿದದ್ದಿಲ್ಲ. ಅವತ್ತು ಹತ್ತು ನಿಮಿಷದಲ್ಲಿ ಎಲ್ಲವೂ ಬಂತು. ಇನ್ನೂರ ಎಪ್ಪತ್ತು ಸಂಚಿಕೆ, ಒಂದಕ್ಕೆ ಮೂವತ್ತೆರಡು ಪುಟ ಎಂದು ಎಲ್ಲಬಲ್ಲನೇ ಗುಣಿಸಿ ಕೊಟ್ಟ: ಬಿಳಿ ಹಾಳೆ ಹದಿನೆಂಟು ರೀಮು, ಬಣ್ಣದ ಪೆನ್ಸಿಲು ಆರು ಡಬ್ಬಿ. ಸೂಜಿಯಮ್ಮ ಅವನ್ನೆಲ್ಲ ಅಚ್ಚುಕಟ್ಟಾಗಿ ಕಟ್ಟು ಕಟ್ಟಿ, "ಬರೆದು ತನ್ನಿ ಅಣ್ಣಾ, ಒಂದೇ ಗಂಟೇಲಿ ಹೊಲಿದುಬಿಡ್ತೀನಿ" ಎಂದಳು.

ಬಾಡಿಗೆ ಗಾಡಿಯಿಂದ ಇಳಿಯುವಾಗ ಕತ್ತಲಾಗಿರಲಿಲ್ಲ. ಗುಮಾಸ್ತ ಬರಿದಾದ ಬೂಟಿನ ಪೆಟ್ಟಿಗೆ ಹಿಡಿದು ಮುಂದೆ ಮೆಟ್ಟಿಲು ಹತ್ತಿದ. ದರ್ಜಿ, ಬೇಡವೆಂದರೂ ಕೇಳದೆ, ಕಟ್ಟುಗಳನ್ನು ಹೊತ್ತು ಹಿಂದೆ ಬಂದ.

ಮನೆಯಲ್ಲಿ ಹಲಗೆ ಮತ್ತೆ ಗೋಡೆ ಏರಿತ್ತು. ಹೆಂಡತಿ ಪಾಳಿ ಮುಗಿಸಿ ಬಂದು ನಾಲ್ಕು ಹೊಸ ಸ್ಕ್ರೂ ಹಾಕಿ ತಾನೇ ಬಿಗಿದಿದ್ದಳು. ದೊಡ್ಡ ಮಗಳು ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದಳು. ಹಿಟ್ಟಿನ ಡಬ್ಬದ ಮೇಲಿದ್ದ ಅವಳ ಪುಸ್ತಕಗಳು ಇಳಿದು ಸಾಲಾಗಿ ಕಾಯುತ್ತಿದ್ದವು. ಹೆಂಡತಿ ಬೂಟಿನ ಪೆಟ್ಟಿಗೆಯ ಒಳಗೆ ನೋಡಿದಳು. ಮತ್ತೊಮ್ಮೆ ನೋಡಿದಳು. ಅವಳ ಮುಖ ಮೃದುವಾಯಿತು.

"ಮೂವತ್ತನ್ನೂ ಬಿಟ್ಟು ಬಂದ್ರಾ? ನಮಗೋಸ್ಕರ?" ಎಂದಳು. ಮದುವೆಯಾದ ಮೇಲೆ ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. "ಪಾಪ, ಎಷ್ಟು ಸುಸ್ತಾಗಿದ್ದೀರಿ. ಕೂತ್ಕೊಳ್ಳಿ."

ಗುಮಾಸ್ತ ಕೂರುವ ಮೊದಲೇ ದರ್ಜಿ ಏದುಸಿರು ಬಿಡುತ್ತ ಒಳಗೆ ಬಂದು, ಮೊದಲ ಆರು ಕಟ್ಟುಗಳನ್ನು ಧಡ್ಡನೆ ಹಲಗೆಯ ಮೇಲಿಟ್ಟು, ಉಳಿದವನ್ನು ತರಲು ಕೆಳಗೆ ಓಡಿದ.

"ಇದೇನು ಇದು?" ಎಂದಳು ಹೆಂಡತಿ, ಮೆತ್ತಗೆ.

"ಇನ್ನೂರ ಎಪ್ಪತ್ತು ಕಾಮಿಕ್ಸು" ಎಂದ ಗುಮಾಸ್ತ. "ಇನ್ನೂ ಬರೆದಿಲ್ಲ, ಅಷ್ಟೆ."